ಪೋಕರ್ ಟೇಬಲ್‌ನಲ್ಲಿ ಗಂಡಿಗೊಂದು ನ್ಯಾಯ, ಹೆಣ್ಣಿಗೊಂದು ನ್ಯಾಯ: ಎದುರಿಸುವುದು ಹೇಗೆ?

ಗಂಡಸು ಎರಡು ನಿಮಿಷ ಎಲೆ ಹಿಡಿದು ಯೋಚಿಸಿದರೆ "ಲೆಕ್ಕ ಹಾಕ್ತಿದ್ದಾನೆ" ಅಂತಾರೆ. ಹೆಂಗಸು ಅಷ್ಟೇ ಹೊತ್ತು ತೆಗೆದುಕೊಂಡರೆ "ಪಾಪ, ಏನು ಮಾಡ್ಬೇಕು ಅಂತ ಗೊತ್ತಾಗ್ತಿಲ್ಲ" ಅಂತಾರೆ. ಅವನು ಮೇಲಿಂದ ಮೇಲೆ ರೈಸ್ ಮಾಡಿದರೆ, ಅಂದರೆ ಪಣ ಏರಿಸಿದರೆ, ಗಟ್ಟಿ ಆಟಗಾರ. ಅವಳು ಮಾಡಿದರೆ "ಇವತ್ತು ಮೇಡಂಗೆ ಎಲೆ ಚೆನ್ನಾಗಿ ಬೀಳ್ತಿದೆ". ಅವನು ಸೋತು ಎದ್ದು ಹೋದರೆ ಬೇಜಾರಾಗಿದೆ ಪಾಪ. ಅವಳು ಹುಬ್ಬು ಗಂಟಿಕ್ಕಿದರೂ ಸಾಕು, "ಮೂಡ್ ಸರಿ ಇಲ್ಲ ಅನ್ಸುತ್ತೆ".

ನಾನು ಮೊದಲು ಎಲೆ ಹಂಚುವ ಡೀಲರ್ ಆಗಿದ್ದೆ, ಆಮೇಲೆ ಆಡುವ ಕುರ್ಚಿಗೆ ಬಂದೆ. ಹಾಗಾಗಿ ಇದನ್ನು ಟೇಬಲ್ಲಿನ ಎರಡೂ ಕಡೆಯಿಂದ ನೋಡಿದ್ದೇನೆ. ಈ ಬರಹ ಮುಖ್ಯವಾಗಿ ಟೂರ್ನಮೆಂಟ್ ಆಡುವ ಹೆಣ್ಣುಮಕ್ಕಳಿಗೆ. ಪಕ್ಕದ ಕುರ್ಚಿಯ ಗಂಡಸರಿಗೂ ಡೀಲರುಗಳಿಗೂ ಒಂದಿಷ್ಟು ಮಾತಿದೆ. ಹೇಳಬೇಕಾದ್ದು ಇಷ್ಟೇ: ಇಂಥ ವರ್ತನೆಯಲ್ಲಿ ಮುಕ್ಕಾಲು ಪಾಲು ಈಗಾಗಲೇ ನಿಯಮ ಮುರಿಯುವ ಕೆಲಸ. ಹೆಣ್ಣು-ಗಂಡು ಅಂತ ವಾದಕ್ಕೆ ಕೂತರೆ ಒಂಬತ್ತು ಜನರ ಟೇಬಲ್‌ನಲ್ಲಿ ನೀವು ಒಬ್ಬರೇ ಆಗಿಬಿಡುತ್ತೀರಿ. ಅದೇ ಮಾತನ್ನು ನಿಯಮದ ಕಡೆಗೆ ಎಳೆದರೆ ಡೀಲರ್ ನಿಮ್ಮ ಜೊತೆ ನಿಲ್ಲಲೇಬೇಕು.

ಮೊದಲು ನಿಯಮ ಓದಿಕೊಳ್ಳಿ

ದೊಡ್ಡ ಟೂರ್ನಮೆಂಟುಗಳಲ್ಲಿ ಹೆಚ್ಚಿನವು ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್, ಅಂದರೆ ಟಿಡಿಎ ನಿಯಮಗಳನ್ನೋ ಅದಕ್ಕೆ ಹತ್ತಿರದವನ್ನೋ ಬಳಸುತ್ತವೆ. ಒಂದು ಸಂಜೆ ಕೂತರೆ ಓದಿ ಮುಗಿಸಬಹುದು. 2001ರಲ್ಲಿ ಆ ಸಂಸ್ಥೆ ಶುರು ಮಾಡಿದ ನಾಲ್ವರಲ್ಲಿ ಇಬ್ಬರು ಹೆಂಗಸರು, ಲಿಂಡಾ ಜಾನ್ಸನ್ ಮತ್ತು ಜ್ಯಾನ್ ಫಿಶರ್. "ಗಂಡಸರ ಆಟಕ್ಕೆ ಬಂದ ಮೇಲೆ ಗಂಡಸರ ರೂಲ್ಸು" ಅಂತ ಯಾರಾದರೂ ಗೊಣಗಿದರೆ ಇದು ನೆನಪಿರಲಿ.

ಅದರಲ್ಲಿ ಈ ವಿಷಯಕ್ಕೆ ಬೇಕಾದವು ಕೆಲವೇ. ಪ್ರತಿಯೊಬ್ಬರೂ ತಮಗಾಗಿಯೇ ಆಡಬೇಕು, ಬೇಕಂತಲೇ ಯಾರ ಮೇಲೂ ಮೆತ್ತಗೆ ಆಡುವಂತಿಲ್ಲ. ಹ್ಯಾಂಡ್, ಅಂದರೆ ಎಲೆ ಹಂಚಿ ಆಡುವ ಒಂದು ಸಲದ ಆಟ, ನಡೆಯುವಾಗ ಸಲಹೆ ಕೊಡುವಂತಿಲ್ಲ, ಟೀಕೆ ಮಾಡುವಂತಿಲ್ಲ. ಇನ್ನೊಬ್ಬರ ಎಲೆ, ಚಿಪ್ಸ್ (ಪಣಕ್ಕೆ ಇಡುವ ಬಿಲ್ಲೆಗಳು) ಮುಟ್ಟುವಂತಿಲ್ಲ. ಬೈಯುವುದು, ಅತಿಯಾಗಿ ಮಾತಾಡುವುದು, ಸುಮ್ನೆ ಆಟ ಎಳೆಯುವುದು, ಇವೆಲ್ಲ ಶಿಷ್ಟಾಚಾರ ತಪ್ಪಿದ ಹಾಗೆ. ಶಿಕ್ಷೆ ಬಾಯಿಮಾತಿನ ಎಚ್ಚರಿಕೆಯಿಂದ ಹಿಡಿದು, ಒಂದಿಷ್ಟು ಹ್ಯಾಂಡ್ ಅಥವಾ ಸುತ್ತು ಹೊರಗೆ ನಿಲ್ಲಿಸುವುದು, ಟೂರ್ನಮೆಂಟಿನಿಂದಲೇ ತೆಗೆಯುವುದು, ಅಲ್ಲಿಯ ತನಕ ಇದೆ. ಹೊರಗೆ ನಿಂತವನ ಚಿಪ್ಸ್‌ನಿಂದ ಬ್ಲೈಂಡ್, ಅಂದರೆ ಸರದಿ ಬಂದಾಗ ಹಾಕಲೇಬೇಕಾದ ಪಣ, ಮಾತ್ರ ಹೋಗುತ್ತಲೇ ಇರುತ್ತದೆ. ಎಷ್ಟು ಉಪದೇಶ ಮಾಡಿದರೂ ಬಾರದ ಮರ್ಯಾದೆ ಆಗ ಬೇಗ ಬರುತ್ತದೆ.

"ಮೇಡಂಗೋಸ್ಕರ ಬಿಟ್ಟೆ"

ಟೇಬಲ್‌ನಲ್ಲಿ ಬೈಗುಳಕ್ಕಿಂತ ಉಪಚಾರದ ಕಾಟ ಜಾಸ್ತಿ. ರಿವರ್‌ನಲ್ಲಿ, ಅಂದರೆ ಕೊನೆಯ ಎಲೆ ಬಿದ್ದ ಮೇಲೆ, ನೀವು ಬೆಟ್ ಮಾಡಿದ್ದೀರಿ. ಎದುರಿನವನು ತನ್ನ ಎಲೆ ಎತ್ತಿ ಪಕ್ಕದವನಿಗೆ ತೋರಿಸುತ್ತಾನೆ. ಇಬ್ಬರೂ ತಲೆ ಅಲ್ಲಾಡಿಸುತ್ತಾರೆ. ಆಮೇಲೆ ದೊಡ್ಡ ತ್ಯಾಗ ಮಾಡಿದವನಂತೆ ಎಸೆದು "ಮೇಡಂಗೋಸ್ಕರ ಬಿಟ್ಟೆ" ಅಂತಾನೆ. ಟೇಬಲ್ ನಗುತ್ತದೆ. ನೀವೂ ನಗಬೇಕು ಅಂತ ಎಲ್ಲರೂ ಕಾಯುತ್ತಾರೆ.

ಇಲ್ಲಿ ನಿಮ್ಮ ಕೈಗೆ ಒಂದು ನಿಯಮ ಸಿಕ್ಕಿದೆ. ಒಬ್ಬರಿಗೆ ತೋರಿಸಿದ ಎಲೆಯನ್ನು ಎಲ್ಲರಿಗೂ ತೋರಿಸಬೇಕು. ಅವನ ಮುಖ ನೋಡಬೇಡಿ, ಡೀಲರ್ ಕಡೆ ತಿರುಗಿ. "ಒಬ್ಬರಿಗೆ ತೋರಿಸಿದ್ರು, ಎಲ್ರಿಗೂ ತೋರಿಸಿ." ಅಷ್ಟೇ. ದನಿ ಏರಿಸುವುದು ಬೇಡ. ಎಲೆ ಮಕ್‌ನಲ್ಲಿ, ಅಂದರೆ ಎಸೆದ ಎಲೆಗಳ ರಾಶಿಯಲ್ಲಿ, ಬೆರೆಯುವ ಮೊದಲೇ ಹೇಳಿ. ಒಮ್ಮೆ ಬೆರೆತರೆ ಹುಡುಕುವುದು ಕಷ್ಟ. ಡೀಲರ್ ಆಗಿದ್ದಾಗ ಇಂಥ ತ್ಯಾಗದ ಎಲೆಗಳನ್ನು ನಾನೇ ತಿರುಗಿಸಿದ್ದೇನೆ. ಹೆಚ್ಚಿನ ಸಲ ಏನಿರುತ್ತಿತ್ತು ಗೊತ್ತಾ? ಬಾರದೇ ಹೋದ ಫ್ಲಶ್, ಅಂದರೆ ಒಂದೇ ಜಾತಿಯ ಐದು ಎಲೆ ಕೂಡದೇ ಹೋದ ಕೈ. ಬಿಟ್ಟುಕೊಡಲು ಅವನ ಹತ್ತಿರ ಏನೂ ಇರಲಿಲ್ಲ, ನಾಟಕ ಮಾತ್ರ ಇತ್ತು.

ನಿಜವಾಗಿಯೇ ಒಳ್ಳೆಯ ಎಲೆ ಬಿಟ್ಟಿದ್ದರೆ ಅದು ಇನ್ನೂ ಕೆಟ್ಟದ್ದು. ಅದಕ್ಕೆ ಸಾಫ್ಟ್ ಪ್ಲೇ ಅಂತಾರೆ. ಟೂರ್ನಮೆಂಟ್‌ನಲ್ಲಿ ಒಬ್ಬರ ಚಿಪ್ಸ್ ಉಳಿದರೆ ಬೇರೆ ಟೇಬಲ್‌ನಲ್ಲಿ ಕೂತವರ ಬಹುಮಾನದ ಮೇಲೂ ಪರಿಣಾಮ ಇರುತ್ತದೆ. ಅವನ ದಾಕ್ಷಿಣ್ಯಕ್ಕೆ ದುಡ್ಡು ಕೊಡುವವರು ಅವರೆಲ್ಲ. ಹಾಗಾಗಿಯೇ ಇದಕ್ಕೆ ಚಿಪ್ಸ್ ಕಿತ್ತುಕೊಳ್ಳುವವರೆಗೂ ಶಿಕ್ಷೆ ಇದೆ.

ಒಂದು ಕಿವಿಮಾತು. ಇಂಥ ಹೊತ್ತಲ್ಲಿ "ಥ್ಯಾಂಕ್ಸ್" ಅನ್ನಬೇಡಿ. ಅಭ್ಯಾಸಬಲದಿಂದ ಬಾಯಿಗೆ ಬರುತ್ತದೆ, ತಡೆಯಿರಿ. ಈಗ ಥ್ಯಾಂಕ್ಸ್ ಹೇಳಿದರೆ ಸ್ವಲ್ಪ ಹೊತ್ತಿನ ಮೇಲೆ ಸಾಲ ವಸೂಲಿ ಶುರುವಾಗುತ್ತದೆ: "ಆವಾಗ ನಾನು ಬಿಟ್ಟಿದ್ದೆ, ಈಗ ನೀವು ಬಿಡಿ." ಆಗ ನೀವು ಬಿಡದಿದ್ದರೆ ಉಪಕಾರ ಗೊತ್ತಿಲ್ಲದವಳು. ಬಿಟ್ಟರೆ ಸಾಫ್ಟ್ ಪ್ಲೇ ಮಾಡಿದವಳು.

"ಒಂದ್ಸಲ ತೋರಿಸಿ, ಪ್ಲೀಸ್"

ನೀವು ಬೆಟ್ ಮಾಡಿದ್ದೀರಿ, ಎಲ್ಲರೂ ಫೋಲ್ಡ್, ಅಂದರೆ ಎಲೆ ಬಿಟ್ಟುಬಿಟ್ಟರು. ಕಾಲ್ ಆಗಿಲ್ಲ, ಅಂದರೆ ಯಾರೂ ನಿಮ್ಮಷ್ಟೇ ಪಣ ಹಾಕಿಲ್ಲ, ಅಂದ ಮೇಲೆ ನೀವು ಎಲೆ ತೋರಿಸಬೇಕಿಲ್ಲ. ಇದು ಎಲ್ಲರಿಗೂ ಗೊತ್ತು. ಆದರೂ ಹೆಂಗಸು ಕೂತಿದ್ದರೆ ಕೇಳುವುದು ನಿಲ್ಲಲ್ಲ. "ಬ್ಲಫ್ ಅಲ್ವಾ? ನನಗೊಬ್ಬನಿಗೇ ತೋರಿಸಿ. ಅಷ್ಟು ಬಿಗುಮಾನ ಯಾಕೆ?" ಗಂಡಸು ಎಲೆ ಮುಚ್ಚಿ ತಳ್ಳಿದಾಗ ಎರಡನೇ ಸಲ ಕೇಳುವವರು ಕಡಿಮೆ.

ತೋರಿಸಬೇಡಿ. ಅವನು ದುಡ್ಡು ಕೊಡದೆ ನಿಮ್ಮ ಆಟದ ಗುಟ್ಟು ಕೇಳುತ್ತಿದ್ದಾನೆ. ನಗುತ್ತಾ ಕೇಳಿದರೂ ಕೇಳುತ್ತಿರುವುದು ಅದನ್ನೇ. ನಾನು ಬಳಸುವ ಉತ್ತರ: "ಕಾಲ್ ಮಾಡಿದ್ರೆ ತೋರಿಸ್ತಿದ್ದೆ." ಹೇಳಿ, ಎಲೆಗಳನ್ನು ಮುಚ್ಚಿದಂತೆಯೇ ಡೀಲರ್ ಕಡೆಗೆ ಸರಿಸಿ, ಚಿಪ್ಸ್ ಜೋಡಿಸಲು ಶುರು ಮಾಡಿ. ಕೈಗೆ ಕೆಲಸ ಇದ್ದರೆ ಮಾತು ಮುಂದುವರಿಸಬೇಕು ಅನ್ನಿಸಲ್ಲ. ಕಾರಣ ಕೊಡಲು ಹೋಗಬೇಡಿ. ಕಾರಣ ಕೊಟ್ಟರೆ ಚೌಕಾಸಿಗೆ ಬಾಗಿಲು ತೆಗೆದ ಹಾಗೆ.

ಪಾಟ್, ಅಂದರೆ ಮಧ್ಯೆ ಕೂಡಿದ ಪಣ, ಇನ್ನೂ ಪೂರ್ತಿ ನಿಮ್ಮ ಕಡೆ ಬಂದಿಲ್ಲದಿದ್ದರೆ ಎಲೆ ಕೈಬಿಡಬೇಡಿ. ಇದು ಹೆಣ್ಣು, ಗಂಡು ಎಲ್ಲರಿಗೂ.

ಕೇಳದೇ ಕೊಡುವ ಪಾಠ

"ಅಲ್ಲಿ ರೈಸ್ ಮಾಡಬಾರದಿತ್ತು" ಅಂತ ಶುರು ಮಾಡುವವನು ಸಾಮಾನ್ಯವಾಗಿ ನಿಮ್ಮಷ್ಟೇ ಚಿಪ್ಸ್ ಇರುವವನು, ಇಲ್ಲ ಕಡಿಮೆ ಇರುವವನು. ಹ್ಯಾಂಡ್ ನಡೆಯುತ್ತಿದ್ದರೆ ಡೀಲರ್‌ಗೆ "ಹ್ಯಾಂಡ್ ಬಗ್ಗೆ ಮಾತಾಡ್ತಿದ್ದಾರೆ" ಅನ್ನಿ. ಸಾಕು. ಮುಗಿದ ಮೇಲೆ ಶುರುವಾದರೆ "ಆಯ್ತು" ಅಂದು ಬಿಡಿ, ವಾದ ಬೇಡ. ಅವನು ನಿಮ್ಮನ್ನು ದಡ್ಡಿ ಅಂದುಕೊಂಡರೆ ಅದು ನಿಮಗೆ ಲಾಭ. ಅದನ್ನು ಸರಿಪಡಿಸುವ ಜವಾಬ್ದಾರಿ ನಿಮಗ್ಯಾಕೆ?

ಆ ಲಾಭಕ್ಕೆ ಲೆಕ್ಕವೂ ಇದೆ. 2016ರಲ್ಲಿ ಬಂದ ಒಂದು ಆನ್‌ಲೈನ್ ಪೋಕರ್ ಅಧ್ಯಯನದಲ್ಲಿ, ಎದುರಾಳಿಗಳ ಚಿತ್ರಗಳೆಲ್ಲ ಹೆಂಗಸರದ್ದಾಗಿದ್ದ ಟೇಬಲ್‌ಗಳಲ್ಲಿ ಜನ ಶೇಕಡಾ 6ರಷ್ಟು ಜಾಸ್ತಿ ಬ್ಲಫ್ ಮಾಡಿದರು. ಹಾಗೆ ಮಾಡುತ್ತಿದ್ದೇವೆ ಅನ್ನುವುದು ಅವರಿಗೇ ಗೊತ್ತಿರಲಿಲ್ಲ. ಹಾಗಂತ ಸಿಕ್ಕಿದ್ದಕ್ಕೆಲ್ಲ ಕಾಲ್ ಮಾಡಬೇಡಿ, 6 ಅಂದರೆ 60 ಅಲ್ಲ. ಆದರೆ ಅಂಚಿನಲ್ಲಿರುವ ಹ್ಯಾಂಡ್‌ಗೆ, ನಿಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದವನು ದೊಡ್ಡ ಬೆಟ್ ಹಾಕಿದಾಗ, ಫೋಲ್ಡ್ ಮಾಡುವ ಮೊದಲು ಇದನ್ನು ಒಮ್ಮೆ ಯೋಚಿಸಿ.

ಸಮಯ

ಇಲ್ಲಿ ಎರಡು ತಕ್ಕಡಿ ಕಣ್ಣಿಗೇ ಕಾಣುತ್ತವೆ. ನೀವು ಯೋಚಿಸಲು ಕೂತರೆ ನಿಟ್ಟುಸಿರು, ಬೆರಳಲ್ಲಿ ಟೇಬಲ್ ಕುಟ್ಟುವುದು, "ಟೈಮ್" ಅನ್ನುವ ಕೂಗು. ಗಾಬರಿಯಾಗಿ ಫೋಲ್ಡ್ ಮಾಡುವವರನ್ನು ನಾನು ಬಹಳ ನೋಡಿದ್ದೇನೆ.

ಕ್ಲಾಕ್, ಅಂದರೆ ಯೋಚಿಸುತ್ತಿರುವವರಿಗೆ ಹಾಕುವ ಸಮಯದ ಗಡುವು, ಹೇಗೆ ಅಂತ ಸರಿಯಾಗಿ ತಿಳಿದಿದ್ದರೆ ಗಾಬರಿ ಕಡಿಮೆ. ಯಾರೋ ಕೇಳಿದ ತಕ್ಷಣ ಕ್ಲಾಕ್ ಶುರುವಾಗಲ್ಲ. ಸಾಕಷ್ಟು ಸಮಯ ಆಗಿದೆ ಅಂತ ಫ್ಲೋರ್‌ಗೆ, ಅಂದರೆ ಟೇಬಲ್‌ಗಳ ಮೇಲ್ವಿಚಾರಕರಿಗೆ, ಅನ್ನಿಸಬೇಕು. ಶುರುವಾದ ಮೇಲೂ ಟಿಡಿಎ ನಿಯಮದಲ್ಲಿ 25 ಸೆಕೆಂಡ್, ಆಮೇಲೆ 5 ಸೆಕೆಂಡ್ ಎಣಿಕೆ ಇದೆ. ಅರ್ಧ ನಿಮಿಷ ಕಡಿಮೆ ಅಲ್ಲ. ಮೊದಲ ಹತ್ತು ಸೆಕೆಂಡ್ ಉಸಿರಾಡಿ, ಪಾಟ್ ಎಷ್ಟಿದೆ ನೋಡಿ. ಮುಂದಿನ ಹತ್ತರಲ್ಲಿ ಅವನು ಯಾವ ಯಾವ ಎಲೆಯಲ್ಲಿ ಹೀಗೆ ಬೆಟ್ ಮಾಡುತ್ತಾನೆ ಅಂತ ಯೋಚಿಸಿ. ಆಮೇಲೆ ನಿರ್ಧಾರ. ಪ್ರತಿ ಸರದಿಗೂ ಸಮಯ ಕಟ್ಟುವ ಶಾಟ್ ಕ್ಲಾಕ್ ಇರುವ ಟೂರ್ನಮೆಂಟ್ ಆದರೆ ಇನ್ನೂ ಒಳ್ಳೆಯದು, ಗಡಿಯಾರ ಯಾರ ಮುಖವನ್ನೂ ನೋಡಲ್ಲ. ನನ್ನ ಮಟ್ಟಿಗೆ ಶಾಟ್ ಕ್ಲಾಕ್ ಹೆಣ್ಣುಮಕ್ಕಳಿಗೆ ಮಾಡಿದಷ್ಟು ಉಪಕಾರವನ್ನು ಯಾವ ಜಾಗೃತಿ ಭಾಷಣವೂ ಮಾಡಿಲ್ಲ.

ಅದೇ ರೀತಿ, ನಿಟ್ಟುಸಿರು ಬಿಡುತ್ತಿದ್ದವನು ತನ್ನ ಸರದಿಯಲ್ಲಿ ಮೂರು ನಿಮಿಷ ಎಳೆದರೆ ನೀವೂ ಕ್ಲಾಕ್ ಕೇಳಿ. ಸಂಕೋಚ ಬೇಡ.

ಮಾತು ಮೀರಿದಾಗ

ಬಟ್ಟೆ ಬಗ್ಗೆ ಮಾತು. "ಗಂಡ ದುಡ್ಡು ಕೊಟ್ಟು ಕಳಿಸಿದ್ರಾ?" ಉಳಿದವರೆಲ್ಲ ಬ್ರೋ, ನೀವೊಬ್ಬರು ಡಾರ್ಲಿಂಗ್. ಇದಕ್ಕೆ ನನ್ನ ಹತ್ತಿರ ಮೂರು ಹಂತ ಇವೆ. ಹಂತ ಬಿಟ್ಟು ಹಾರುವುದು ಮುಟ್ಟಿದಾಗ, ಬೆದರಿಸಿದಾಗ ಮಾತ್ರ. ಆಗ ನೇರ ಫ್ಲೋರ್.

ಮೊದಲನೆಯದು, ಅವನಿಗೇ ಒಂದು ಸಲ, ಒಂದೇ ವಾಕ್ಯ. "ನನ್ನ ಸೀಟ್ ನಂಬರ್ ನಾಲ್ಕು, ಹಾಗೇ ಕರೀರಿ." ಅಥವಾ "ಆ ವಿಷಯ ಬೇಡ." ನಗು ಸೇರಿಸಬೇಡಿ. ಹೆಣ್ಣುಮಕ್ಕಳಿಗೆ ಇದು ಕಷ್ಟ. ಬೇಡ ಅನ್ನುವಾಗಲೂ ನಗಬೇಕು ಅಂತಲೇ ನಮ್ಮನ್ನು ಬೆಳೆಸಿರುತ್ತಾರೆ. ಆದರೆ ನಕ್ಕು ಹೇಳಿದ್ದನ್ನು ಟೇಬಲ್ ತಮಾಷೆ ಅಂತಲೇ ಲೆಕ್ಕ ಹಿಡಿಯುತ್ತದೆ.

ಎರಡನೆಯದು ಡೀಲರ್. "ಇವರಿಗೆ ಬೇಡ ಅಂತ ಹೇಳಿದ್ದೇನೆ, ಮತ್ತೆ ಮಾಡಿದ್ರು." ಡೀಲರ್ ನ್ಯಾಯ ತೀರ್ಮಾನಿಸಲ್ಲ, ಆದರೆ ಈಗ ಒಬ್ಬ ಸಾಕ್ಷಿ ಸಿಕ್ಕ ಹಾಗಾಯಿತು.

ಮೂರನೆಯದು ಫ್ಲೋರ್. ಹ್ಯಾಂಡ್ ಮುಗಿದ ಕೂಡಲೇ ಕರೆಸಿ, ಬ್ರೇಕ್ ತನಕ ಕಾಯಬೇಡಿ. ಕಾಯುವಷ್ಟರಲ್ಲಿ ಟೇಬಲ್ ಒಡೆಯುತ್ತದೆ, ಡೀಲರ್ ಬದಲಾಗುತ್ತಾರೆ, ನೋಡಿದವರು ಎಲ್ಲೋ ಹೋಗಿರುತ್ತಾರೆ. ಫ್ಲೋರ್ ಬಂದಾಗ ನಿಮಗೆ ಹೇಗೆ ಅನ್ನಿಸಿತು ಅಂತ ಶುರು ಮಾಡಬೇಡಿ. ಅವರು ಏನಂದರು, ಎಷ್ಟು ಸಲ ಅಂದರು, ನೀವು ಯಾವಾಗ ಬೇಡ ಅಂದಿರಿ, ಇಷ್ಟನ್ನು ಹೇಳಿ. "ಅವರು ಕೆಟ್ಟದಾಗಿ ನಡ್ಕೊಂಡ್ರು" ಅಂದರೆ ಫ್ಲೋರ್ ಇಬ್ಬರಿಗೂ ಸಮಾಧಾನ ಹೇಳಿ ಹೋಗುತ್ತಾರೆ. "ನನ್ನ ಬಟ್ಟೆ ಬಗ್ಗೆ ಎರಡು ಸಲ ಮಾತಾಡಿದ್ರು. ಮೊದಲ ಸಲವೇ ಬೇಡ ಅಂದಿದ್ದೆ. ಡೀಲರ್ ಕೇಳಿಸ್ಕೊಂಡಿದ್ದಾರೆ" ಅಂದರೆ ಅವರು ಏನಾದರೂ ಮಾಡಲೇಬೇಕು. ಫೋನಿನಲ್ಲಿ ಸಮಯ ಸಮೇತ ಒಂದೆರಡು ಸಾಲು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಆದರೆ ನಿಮ್ಮ ಹ್ಯಾಂಡ್ ನಡೆಯುವಾಗ ಫೋನ್ ಮುಟ್ಟಬೇಡಿ, ಅದಕ್ಕೂ ನಿಯಮ ಇದೆ.

"ಇಷ್ಟು ಸಣ್ಣ ವಿಷಯಕ್ಕೆ ಫ್ಲೋರ್ ಕರೀಬೇಕಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅದೇ ಜನ ಒಂದು ಚಿಪ್ ಮುಂದೆ ಜಾರಿದ್ದಕ್ಕೆ ಫ್ಲೋರ್ ಕರೆಸಿರುತ್ತಾರೆ.

ಸಿಟ್ಟು ಯಾರ ಸೊತ್ತು?

ಗಂಡಿಗೆ ಚಟ ಇರಬಾರದು, ಹೆಣ್ಣಿಗೆ ಹಠ ಇರಬಾರದು ಅಂತ ಗಾದೆ. ಪೋಕರ್ ಟೇಬಲ್ ಮೊದಲ ಅರ್ಧವನ್ನು ಮರೆತು ಎರಡನೆಯ ಅರ್ಧವನ್ನು ಭದ್ರವಾಗಿ ಇಟ್ಟುಕೊಂಡಿದೆ. ಆಟಗಾರ ಫಿಲ್ ಹೆಲ್ಮ್ಯೂತ್‌ಗೆ ಡಬ್ಲ್ಯುಎಸ್‌ಒಪಿಯ, ಅಂದರೆ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ, ಗೆದ್ದವರಿಗೆ ಕೊಡುವ ಬ್ರೇಸ್‌ಲೆಟ್ 17 ಇವೆ, ಅದು ದಾಖಲೆ. ಸೋತಾಗ ಕೂಗಾಡುವುದಕ್ಕೂ ಅವರು ಅಷ್ಟೇ ಹೆಸರುವಾಸಿ. 'ಪೋಕರ್ ಬ್ರ್ಯಾಟ್' ಅನ್ನುವ ಅಡ್ಡಹೆಸರು ಅವರಿಗೆ ಬ್ರ್ಯಾಂಡ್ ಆಗಿದೆ, ಜನ ಅದನ್ನು ನೋಡಲೆಂದೇ ಟಿವಿ ಹಾಕುತ್ತಾರೆ. ಒಬ್ಬ ಹೆಂಗಸು ಹಾಗೆ ಕೂಗಾಡಿ ಅದನ್ನೇ ಬ್ರ್ಯಾಂಡ್ ಮಾಡಿಕೊಳ್ಳಬಲ್ಲಳಾ? ನನಗೆ ನಂಬಿಕೆ ಇಲ್ಲ.

ಹಾಗಂತ ಕಲ್ಲಿನ ಹಾಗೆ ಕೂರಿ ಅಂತ ನಾನು ಹೇಳಲ್ಲ. ಬೇಜಾರಾದರೆ ಬೇಜಾರಾಗಿದೆ ಅಂತ ಮುಖದಲ್ಲಿ ಕಾಣಲಿ ಬಿಡಿ. ಎದ್ದು ಒಂದು ಸುತ್ತು ಓಡಾಡಿ ಬನ್ನಿ. ಅಳು ಬಂದರೂ ಅದರಲ್ಲಿ ನಿಯಮ ಮುರಿಯುವಂಥದ್ದು ಏನೂ ಇಲ್ಲ. ಡೀಲರ್ ಮೇಲೆ ಎಲೆ ಎಸೆಯುವುದು ಮಾತ್ರ ಯಾರಿಗೂ ಸಲ್ಲ. ಎಸೆದವರಲ್ಲಿ ಯಾರು ಜಾಸ್ತಿ ಅಂತ ಹಂಚುವ ಕುರ್ಚಿಯಲ್ಲಿ ಕೂತವರನ್ನು ಕೇಳಿ, ಹೇಳ್ತಾರೆ.

ಗೆದ್ದಾಗ

ಸೋತಾಗ ಸಿಗುವ ಅನುಕಂಪಕ್ಕಿಂತ ಗೆದ್ದಾಗ ಬರುವ ಅನುಮಾನ ಕಷ್ಟದ್ದು. 2022ರ ಸೆಪ್ಟೆಂಬರ್ 29ರಂದು ಲೈವ್ ಪ್ರಸಾರ ಆಗುತ್ತಿದ್ದ ಒಂದು ಕ್ಯಾಶ್ ಗೇಮ್‌ನಲ್ಲಿ ಆಟಗಾರ್ತಿ ರಾಬಿ ಜೇಡ್ ಲ್ಯೂ ಗುಲಾಮ ಮತ್ತು ನಾಲ್ಕು ಹಿಡಿದು ಆಲ್-ಇನ್‌ಗೆ, ಅಂದರೆ ಇದ್ದದ್ದೆಲ್ಲ ಪಣಕ್ಕಿಟ್ಟ ಬೆಟ್‌ಗೆ, ಕಾಲ್ ಮಾಡಿದರು. ಬೋರ್ಡ್ ಮೇಲೆ, ಅಂದರೆ ಎಲ್ಲರಿಗೂ ಸೇರಿದ ಎಲೆಗಳಲ್ಲಿ, 10, 10, 9, 3. ತನ್ನ ಎಲೆಗಳಿಂದ ಒಂದು ಜೋಡಿ ಕೂಡ ಆಗದ ಕೈ. ಎದುರಾಳಿಯದ್ದು ಇನ್ನೂ ಕೂಡಿಬರದ ಡ್ರಾ, ಅದು ಬರಲೇ ಇಲ್ಲ. ಸುಮಾರು 2,69,000 ಡಾಲರ್‌ನ ಪಾಟ್ ಲ್ಯೂ ಪಾಲಾಯಿತು. ಮೋಸ ಅನ್ನುವ ಮಾತು ಅಲ್ಲೇ ಹುಟ್ಟಿತು. ಆ ರಾತ್ರಿಯೇ ಅವರು 1,35,000 ಡಾಲರ್ ಎದುರಾಳಿಗೆ ವಾಪಸ್ ಕೊಟ್ಟರು. ತಿಂಗಳುಗಟ್ಟಲೆ ವಿಚಾರಣೆ ನಡೆದು, ಡಿಸೆಂಬರ್‌ನಲ್ಲಿ ಬಂದ ವರದಿಯಲ್ಲಿ ಮೋಸಕ್ಕೆ ಪುರಾವೆ ಸಿಗಲಿಲ್ಲ ಅಂತಲೇ ಹೇಳಲಾಯಿತು.

ಆ ಕಾಲ್ ವಿಚಿತ್ರವಾದದ್ದು, ಯಾರು ಮಾಡಿದ್ದರೂ ಹುಬ್ಬೇರುತ್ತಿತ್ತು. ಎಲ್ಲ ಅನುಮಾನವೂ ಹೆಣ್ಣು ಅಂತಲೇ ಬಂತು ಅನ್ನಲಾರೆ. ಆದರೆ ಗಂಡಸರ ಕೆಟ್ಟ ಕಾಲ್‌ಗಳು ಹೇಗೆ ನೆನಪಾಗಿ ಉಳಿಯುತ್ತವೆ ನೋಡಿ. 1995ರ ಡಬ್ಲ್ಯುಎಸ್‌ಒಪಿ ಮೇನ್ ಇವೆಂಟ್ ಫೈನಲ್ ಟೇಬಲ್‌ನಲ್ಲಿ ಬಾರ್ಬರಾ ಎನ್‌ರೈಟ್ ಎಂಟುಗಳ ಜೋಡಿ ಹಿಡಿದು ಆಲ್-ಇನ್ ಹೋದರು. ಎದುರಿನ ಗಂಡಸು ಆರು-ಮೂರು ಹಿಡಿದು ಕಾಲ್ ಮಾಡಿ ಗೆದ್ದ. ಎನ್‌ರೈಟ್ ಐದನೇ ಸ್ಥಾನದಲ್ಲಿ ಹೊರಬಿದ್ದರು. ಅದನ್ನು ಇವತ್ತಿಗೂ ಎನ್‌ರೈಟ್ ಅವರ ದುರದೃಷ್ಟ ಅಂತಲೇ ಹೇಳುತ್ತಾರೆ.

ಇದರಿಂದ ಆಡುವವರಿಗೆ ಬೇಕಾದ ಪಾಠ ಎರಡು. ನೀವು ಯಾಕೆ ಕಾಲ್ ಮಾಡಿದಿರಿ ಅಂತ ಯಾರಿಗೂ ವಿವರಣೆ ಕೊಡಬೇಕಿಲ್ಲ. ಆ ಬಿಸಿಯಲ್ಲಿ ಕೊಟ್ಟ ವಿವರಣೆ ಗೊಂದಲವಾಗಿಯೇ ಇರುತ್ತದೆ, ಆಮೇಲೆ ಅದನ್ನೇ ಹಿಡಿದು ಎಳೆಯುತ್ತಾರೆ. "ಕಾಲ್ ಅನ್ನಿಸ್ತು" ಸಾಕು. ಇನ್ನೊಂದು, ಅನುಮಾನ ಇದ್ದರೆ ಅವರು ಫ್ಲೋರ್‌ಗೆ ಹೇಳಲಿ, ನೀವೂ ಫ್ಲೋರ್ ಜೊತೆಯೇ ಮಾತಾಡಿ. ಟೇಬಲ್ ಬಿಟ್ಟು ಪಕ್ಕಕ್ಕೆ ಕರೆದರೆ ಹೋಗಬೇಡಿ. ಗೆದ್ದ ದುಡ್ಡು ಸಮಾಧಾನಕ್ಕೆ ಅಂತ ವಾಪಸ್ ಕೊಡಬೇಡಿ.

"ಲಕ್" ಅನ್ನುವವರಿಗೆ ಉತ್ತರ ಕೊಡಲೇಬೇಕು ಅನ್ನಿಸಿದರೆ ಆನೆಟ್ ಓಬ್ರೆಸ್ಟಾಡ್ ಕಥೆ ಹೇಳಿ. 2007ರಲ್ಲಿ 180 ಜನರ ಆನ್‌ಲೈನ್ ಟೂರ್ನಮೆಂಟನ್ನು ತನ್ನ ಎಲೆಗಳನ್ನು ಹೆಚ್ಚುಕಡಿಮೆ ನೋಡದೆಯೇ ಗೆದ್ದಾಕೆ. ಅದೇ ವರ್ಷ ಡಬ್ಲ್ಯುಎಸ್‌ಒಪಿ ಯೂರೋಪ್ ಮೇನ್ ಇವೆಂಟ್ ಗೆದ್ದಾಗ ಇನ್ನೂ 19 ತುಂಬಿರಲಿಲ್ಲ.

ಪಕ್ಕದ ಕುರ್ಚಿಯವರಿಗೆ, ಹಂಚುವವರಿಗೆ

ಗಂಡಸರೇ, ಬಾಯಿಗೆ ಬಂದ ಮಾತನ್ನು ಐದನೇ ಸೀಟಿನ ಗಡ್ಡದವನಿಗೆ ಹೇಳುತ್ತಿದ್ದಿರಾ ಅಂತ ಒಮ್ಮೆ ನೋಡಿಕೊಳ್ಳಿ. ಅವನಿಗೆ "ನಕ್ಕರೆ ಚೆನ್ನಾಗಿ ಕಾಣ್ತೀರಿ" ಅನ್ನಲ್ಲ ಅಲ್ವಾ? ಇನ್ನೊಬ್ಬ ಮೀರಿದಾಗ ಹೀರೋ ಆಗಿ ಎದ್ದು ನಿಲ್ಲಬೇಕಿಲ್ಲ. ಅದರಿಂದ ಜಗಳ ನಿಮ್ಮಿಬ್ಬರದಾಗಿ, ಅವಳು ಮತ್ತೆ ಪಕ್ಕಕ್ಕೆ ಸರಿಯುತ್ತಾಳೆ. "ಡೀಲರ್, ಆಟ ಮುಂದೆ ಹೋಗಲಿ" ಅನ್ನಿ. ಫ್ಲೋರ್ ಬಂದಾಗ "ಹೌದು, ನನಗೂ ಕೇಳಿಸ್ತು" ಅನ್ನಿ. ಈ ಎರಡನೆಯ ಮಾತಿಗೆ ಬೆಲೆ ಜಾಸ್ತಿ.

ಡೀಲರುಗಳೇ, ಎಲ್ಲರನ್ನೂ ಸೀಟ್ ನಂಬರ್ ಹೇಳಿ ಕರೆಯಿರಿ. ಹೆಂಗಸಿನ ಸರದಿ ಬಂದಾಗ ಮಾತ್ರ "ಮೇಡಂ, ನಿಮ್ಮ ಟರ್ನ್" ಅಂತ ನೆನಪಿಸುವುದು, ಅವಳ ಬೆಟ್ ಮಾತ್ರ ಎರಡೆರಡು ಸಲ ಎಣಿಸುವುದು, ಇದೆಲ್ಲ ಟೇಬಲ್‌ಗೆ ಸನ್ನೆ ಕೊಡುತ್ತದೆ. ಅವಳು ಆಡಲು ಬಾರದವಳು ಅಂತ ನೀವೇ ಸಾರಿದ ಹಾಗೆ.

ಟೂರ್ನಮೆಂಟ್ ನಡೆಸುವವರಿಗೆ ಒಂದು ಮಾತು. ಉಳಿದಿರುವ 'ಕೊನೆಯ ಹೆಂಗಸು' ಅಂತ ಮೈಕಿನಲ್ಲಿ ಸಾರುವ ಮೊದಲು ಆಕೆಯನ್ನು ಕೇಳಿ. ಕೆಲವರಿಗೆ ಅದು ಖುಷಿ, ಕೆಲವರಿಗೆ ಬೆನ್ನ ಮೇಲೆ ಗುರುತು ಹಚ್ಚಿದ ಹಾಗೆ. ಲಿಯೋ ಮಾರ್ಗೆಟ್ಸ್ 2009ರ ಡಬ್ಲ್ಯುಎಸ್‌ಒಪಿ ಮೇನ್ ಇವೆಂಟ್‌ನಲ್ಲಿ 27ನೇ ಸ್ಥಾನಕ್ಕೆ ಬಂದಾಗ ಕೊನೆಯ ಹೆಂಗಸು ಆಗಿದ್ದರು. 2025ರಲ್ಲಿ ಫೈನಲ್ ಟೇಬಲ್ ಮುಟ್ಟಿ ಏಳನೆಯವರಾದರು. ಎನ್‌ರೈಟ್ ಆದ ಮೇಲೆ ಅಲ್ಲಿಗೆ ತಲುಪಿದ ಮೊದಲ ಹೆಂಗಸು, ನಡುವೆ 30 ವರ್ಷ.

ಲೇಡೀಸ್ ಇವೆಂಟ್ ಆಡಬೇಕಾ?

ಆಡಿ, ನಾಚಿಕೆ ಪಡುವಂಥದ್ದೇನಿಲ್ಲ. ಡಬ್ಲ್ಯುಎಸ್‌ಒಪಿಯಲ್ಲಿ ಇದು 1977ರಿಂದ ಇದೆ. ಗಂಡಸರು ನುಗ್ಗಿ ಆಡುವುದು ಜಾಸ್ತಿಯಾದಾಗ ಅವರನ್ನು ಕಾನೂನಿನ ಪ್ರಕಾರ ತಡೆಯುವಂತಿರಲಿಲ್ಲ. 2013ರಲ್ಲಿ ಪ್ರವೇಶ ಶುಲ್ಕವನ್ನೇ 10,000 ಡಾಲರ್ ಮಾಡಿ ಹೆಂಗಸರಿಗೆ 9,000 ರಿಯಾಯಿತಿ ಕೊಟ್ಟರು. ತಮಾಷೆಗೆ ಬರುವವರು ತಾವಾಗಿಯೇ ಕಮ್ಮಿಯಾದರು. ಅಂಥ ಟೇಬಲ್‌ನಲ್ಲಿ ಕ್ಲಾಕ್ ಕೇಳುವುದು, ಫ್ಲೋರ್ ಕರೆಯುವುದು, ತೋರಿಸಲ್ಲ ಅನ್ನುವುದು, ಎಲ್ಲವನ್ನೂ ಅಭ್ಯಾಸ ಮಾಡಿಕೊಳ್ಳಿ. ಆದರೆ ಅಲ್ಲೇ ನಿಂತುಬಿಡಬೇಡಿ, ಮುಂದಿನ ಓಪನ್ ಇವೆಂಟ್‌ಗೂ ಹೆಸರು ಕೊಡಿ.